ತಮ್ಮನಿಗೆ ತಕ್ಕ ಜಾಗ

ದಪ್ಪ ಅಕ್ಷರಗಳೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಬರೀ ಬೋಲ್ಡ್ ಅಲ್ಲ. ಮೈತುಂಬಿಕೊಂಡು, ಗುಂಡಗೆ, ನೋಡಿದ ತಕ್ಷಣ ಖುಷಿ ಕೊಡುವಂಥ ಅಕ್ಷರಗಳು. ನಾನು ಮಾಡುವುದು ಡಿಟಿಪಿ ಕೆಲಸ. ದಿನವಿಡೀ ಕಣ್ಣಮುಂದೆ ಹಾದುಹೋಗುವುದು ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ. ಅದರ ಮಧ್ಯೆ ಮಕ್ಕಳ ಕಾರ್ಯಕ್ರಮದ ಪೋಸ್ಟರೋ, ಚಾಟ್ಸ್ ಅಂಗಡಿಯ ಬೋರ್ಡೋ ಬಂದರೆ ಅವತ್ತು ಹುರುಪು ಜಾಸ್ತಿ. ಯಾಕೆಂದರೆ ಅಂಥ ಕೆಲಸಕ್ಕೆ ಬಾಲೂ ತಮ್ಮ ಬಳಸಬಹುದು.

ಬಾಲೂ ತಮ್ಮ ಒಂದು ಕನ್ನಡ ಫಾಂಟ್. ಮುಂಬೈನ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕಾರರ ತಂಡ ಮಾಡಿದ್ದು. ನಮ್ಮ ದೇಶದ ಬೇರೆ ಬೇರೆ ಲಿಪಿಗಳಿಗೆ ಒಂದೇ ಗುಣದ ದಪ್ಪ ಅಕ್ಷರ ಮಾಡಿ, ಇಡೀ ಕುಟುಂಬಕ್ಕೆ ಬಾಲೂ ಎಂದು ಹೆಸರಿಟ್ಟರು. ಬಂಗಾಳಿಗೆ ಬಾಲೂ ದಾ, ಪಂಜಾಬಿಗೆ ಬಾಲೂ ಪಾಜಿ, ಗುಜರಾತಿಗೆ ಬಾಲೂ ಭಾಯ್, ತಮಿಳಿಗೆ ಬಾಲೂ ತಂಬಿ, ಮಲಯಾಳಕ್ಕೆ ಬಾಲೂ ಚೇಟ್ಟನ್, ತೆಲುಗಿಗೆ ಬಾಲೂ ತಮ್ಮುಡು, ಕನ್ನಡಕ್ಕೆ ಬಾಲೂ ತಮ್ಮ. ಎಲ್ಲರೂ ಅಣ್ಣತಮ್ಮಂದಿರೇ. ಪ್ರತಿಯೊಂದರಲ್ಲೂ ಆಯಾ ಲಿಪಿಯ ಜೊತೆ ಇಂಗ್ಲಿಷ್ ಅಕ್ಷರಗಳೂ ಇವೆ. ಗೂಗಲ್ ಫಾಂಟ್ಸ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

‘ಕ’ ಟೈಪ್ ಮಾಡಿ, ಪರದೆ ತುಂಬುವಷ್ಟು ದೊಡ್ಡದು ಮಾಡಿ ನೋಡಿ. ಗೀಟು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ದಪ್ಪ. ತುದಿಗಳು ಚೂಪಾಗಿಲ್ಲ, ಮೆತ್ತಗೆ ಮುಗಿಯುತ್ತವೆ. ಒಳಗಿನ ಖಾಲಿ ಜಾಗ ಚಿಕ್ಕದು, ಆದರೆ ಎಲ್ಲೂ ಮುಚ್ಚಿಹೋಗಿಲ್ಲ. ಈ ಕೊನೆಯ ಮಾತು ಕೇಳಲು ಚಿಕ್ಕದು ಅನ್ನಿಸಬಹುದು. ಕನ್ನಡದಲ್ಲಿ ದಪ್ಪ ಅಕ್ಷರ ಮಾಡುವವರ ಕಷ್ಟವೆಲ್ಲ ಇರುವುದು ಅಲ್ಲೇ.

ನಮ್ಮ ಲಿಪಿ ದುಂಡಗಿದೆ, ಹಾಗಾಗಿ ದಪ್ಪ ಮಾಡುವುದು ಸುಲಭ ಎಂದುಕೊಳ್ಳುವವರು ಬಹಳ. ಆದರೆ ಎಷ್ಟೋ ಕಡೆ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗೇ ಇದೆ. ‘ರ’ದ ಒಳಗೆ ಒಂದು ಚುಕ್ಕಿ ಇಟ್ಟರೆ ‘ಠ’. ‘ದ’ದ ಅಡಿಯಲ್ಲಿ ಸಣ್ಣದಾಗಿ ಸೀಳಿದರೆ ‘ಧ’. ಅದರೊಳಗೆ ಚುಕ್ಕಿಯೂ ಬಂತೆಂದರೆ ‘ಥ’. ‘ಪ’ದ ಹೊಟ್ಟೆಗೆ ಒಂದು ಗೀಟು ಎಳೆದರೆ ‘ಷ’, ಅಡಿಗೆ ಎಳೆದರೆ ‘ಫ’. ಗೀಟು ದಪ್ಪವಾದಂತೆಲ್ಲ ಒಳಗಿನ ಜಾಗ ಕಮ್ಮಿಯಾಗುತ್ತದೆ. ಒಂದು ಹಂತ ದಾಟಿದರೆ ಚುಕ್ಕಿಯೂ ಗೋಡೆಯೂ ಅಂಟಿಕೊಂಡು ‘ಪಾಠ’ದ ‘ಠ’ ಬರೀ ಒಂದು ಕಪ್ಪು ಉಂಡೆಯಾಗಿಬಿಡುತ್ತದೆ.

ಇದನ್ನು ನೋಡಬೇಕೆಂದರೆ ಯಾವ ಊರಿನ ಬಸ್ ಸ್ಟ್ಯಾಂಡಿನ ಹತ್ತಿರವಾದರೂ ನಿಂತು ಫ್ಲೆಕ್ಸ್‌ಗಳನ್ನು ಓದಿ. ದಪ್ಪ ಕನ್ನಡ ಬೇಕು ಅಂದಾಗ ಬಹಳಷ್ಟು ಕಡೆ ಮಾಡುವುದು ಒಂದೇ ಕೆಲಸ. ಸುಮ್ನೆ ಕೈಗೆ ಸಿಕ್ಕ ಒಂದು ಮಾಮೂಲಿ ಫಾಂಟ್ ತೆಗೆದುಕೊಳ್ಳುವುದು, ಸುತ್ತಲೂ ಅದೇ ಬಣ್ಣದ ಔಟ್‌ಲೈನ್ ಕೊಡುವುದು. ಅಕ್ಷರ ಹೊರಗೆ ಎಷ್ಟು ಬೆಳೆಯುತ್ತದೋ ಒಳಗೂ ಅಷ್ಟೇ ಬೆಳೆಯುತ್ತದೆ. ಅದರ ಮೇಲೆ ಇನ್ನೊಂದು ಬಿಳಿ ಔಟ್‌ಲೈನ್, ಅದರ ಮೇಲೆ ನೆರಳು. ಹತ್ತಿರದಿಂದ ನೋಡಿದರೆ ‘ಣ’ದ ಸುರುಳಿ ಪೂರ್ತಿ ತುಂಬಿಹೋಗಿರುತ್ತದೆ. ‘ಘ’ ಯಾವುದು ‘ಫ’ ಯಾವುದು ಎಂದು ಅಕ್ಕಪಕ್ಕದ ಅಕ್ಷರ ನೋಡಿ ಊಹಿಸಬೇಕು. ನನ್ನದೇ ಒಂದು ಪೋಸ್ಟರ್ ಹೀಗಾಗಿತ್ತು. ಅಕ್ಷರ ಆಗಲೇ ದಪ್ಪಗಿತ್ತು. ಪ್ರಿಂಟಿಗೆ ಕೊಟ್ಟ ಕಡೆ ಯಾರೋ ಅದಕ್ಕೆ ಮತ್ತೆ ಒಂದು ಸುತ್ತು ಔಟ್‌ಲೈನ್ ಕೊಟ್ಟು ಕಳಿಸಿದ್ದರು. ನೋಡಿ ನಿಜಕ್ಕೂ ಬೇಜಾರಾಯಿತು. ದಪ್ಪ ಅಕ್ಷರವನ್ನು ಮತ್ತೆ ದಪ್ಪ ಮಾಡಿದರೆ ಉಳಿಯುವುದು ಮಸಿ ಮಾತ್ರ.

ದಪ್ಪಗೆ ಇರಲೆಂದೇ ಬರೆದ ಫಾಂಟಿನಲ್ಲಿ ಕೆಲಸ ಬೇರೆ ಥರ ನಡೆಯುತ್ತದೆ. ವಿನ್ಯಾಸಕಾರರು ಅಕ್ಷರವನ್ನು ಮೊದಲು ಅಗಲ ಮಾಡುತ್ತಾರೆ, ಒಳಗೆ ಜಾಗ ಉಳಿಯಲಿ ಎಂದು. ಎರಡು ಗೀಟು ಸೇರುವ ಕಡೆ ಸ್ವಲ್ಪ ಕೆತ್ತಿ ತೆಳ್ಳಗೆ ಮಾಡುತ್ತಾರೆ, ಇಲ್ಲದಿದ್ದರೆ ಅಲ್ಲಿ ಕಪ್ಪು ಗಂಟು ಕಾಣಿಸುತ್ತದೆ. ಚುಕ್ಕಿ, ಸೀಳು, ಒಳಗಿನ ಗೀಟು, ಇವೆಲ್ಲ ಅಳತೆ ನೋಡಿ ಚಿಕ್ಕದಾಗುತ್ತವೆ. ಕಣ್ಣಿಗೆ ಎಲ್ಲವೂ ಒಂದೇ ದಪ್ಪ ಅನ್ನಿಸಬೇಕು, ಅಷ್ಟೇ. ಸ್ಕೇಲು ಇಟ್ಟು ಅಳೆದರೆ ಒಂದೇ ದಪ್ಪ ಇರುವುದಿಲ್ಲ. ಇದು ಅಕ್ಷರದಿಂದ ಅಕ್ಷರಕ್ಕೆ ಕೂತು ಮಾಡುವ ಕೆಲಸ. ಔಟ್‌ಲೈನ್ ಕೊಡುವ ಒಂದು ಕ್ಲಿಕ್ಕಿಗೆ ಇದೆಲ್ಲ ಗೊತ್ತಾಗುವುದು ಹೇಗೆ?

ಇನ್ನು ಒತ್ತಕ್ಷರ. ಇಂಗ್ಲಿಷಿನಲ್ಲಿ ದಪ್ಪ ಫಾಂಟ್ ಮಾಡುವವರು ಒಂದು ಸಾಲಿನ ಬಗ್ಗೆ ಯೋಚಿಸಿದರೆ ಸಾಕು. ನಮಗೆ ಸಾಲಿನ ಕೆಳಗೆ ಇನ್ನೊಂದು ಸಾಲೇ ಇದೆ. ‘ರಾಷ್ಟ್ರ’ ಎಂದು ಬರೆದರೆ ‘ಷ’ದ ಕೆಳಗೆ ‘ಟ’ದ ಒತ್ತು, ಅದರ ಪಕ್ಕ ‘ರ’ದ ಒತ್ತು. ಮೇಲಿನ ಅಕ್ಷರ ದಪ್ಪ, ಕೆಳಗಿನ ಒತ್ತು ತೆಳ್ಳಗೆ ಇದ್ದರೆ ಬೇರೆ ಯಾವುದೋ ಫಾಂಟಿನಿಂದ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಒತ್ತೂ ಅಷ್ಟೇ ದಪ್ಪವಾದರೆ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಅದಕ್ಕೇ ಬಾಲೂ ತಮ್ಮ ಮೇಲೆ ಕೆಳಗೆ ಸಾಕಷ್ಟು ಖಾಲಿ ಜಾಗ ಇಟ್ಟುಕೊಂಡೇ ಬರುತ್ತದೆ. ವೆಬ್‌ಸೈಟ್ ಮಾಡುವವರು ಈ ಜಾಗ ಯಾಕೆ ಇಷ್ಟು ಜಾಸ್ತಿ ಎಂದು ಗೊಣಗುವುದುಂಟು. ಇಂಗ್ಲಿಷ್ ಮಾತ್ರ ಬರೆಯುವಾಗ ಅದು ನಿಜಕ್ಕೂ ಜಾಸ್ತಿಯೇ. ಕನ್ನಡಕ್ಕೆ ಬೇಕೇ ಬೇಕು.

ಇಂಗ್ಲಿಷಿನಲ್ಲಿ ಇಂಥ ಅಕ್ಷರಕ್ಕೆ ನೂರು ವರ್ಷ ದಾಟಿದೆ. ಶಿಕಾಗೋದ ಆಸ್ವಾಲ್ಡ್ ಕೂಪರ್ ಮಾಡಿದ ಕೂಪರ್ ಬ್ಲ್ಯಾಕ್ ಹೊರಬಂದದ್ದು 1922ರಲ್ಲಿ. ಜಾಹೀರಾತಿಗೆಂದೇ ಹುಟ್ಟಿದ ಆ ಗುಂಡು ಗುಂಡು ಅಕ್ಷರ ಈಗಲೂ ಈಸಿಜೆಟ್ ವಿಮಾನಗಳ ಮೈಮೇಲೆ ಹಾರಾಡುತ್ತಿದೆ. ದೇವನಾಗರಿಯಲ್ಲಿ ಇದೇ ಏಕ್ ಟೈಪ್‌ನವರ ಮೋದಕ್ ಇದೆ. ಅದರಲ್ಲಿ ಒಳಗಿನ ಖಾಲಿ ಜಾಗ ಬರೀ ಒಂದು ಬಿಳಿ ಗೆರೆಯಷ್ಟು ಉಳಿದಿದೆ, ಆದರೂ ಓದಲು ಬರುತ್ತದೆ. ನೋಡಿದಾಗಲೆಲ್ಲ ಕನ್ನಡದಲ್ಲೂ ಯಾರಾದರೂ ಅಷ್ಟು ಧೈರ್ಯ ಮಾಡಬಾರದೇ ಅನ್ನಿಸುತ್ತದೆ.

ಕನ್ನಡದಲ್ಲಿ ಬಹಳ ಕಾಲ ಈ ಕೆಲಸ ಮಾಡಿದ್ದು ಪೇಂಟರ್‌ಗಳು. ಸೈಕಲ್ ಶಾಪು, ಲಸ್ಸಿ ಅಂಗಡಿ, ಲಾರಿಯ ಹಿಂಬದಿ, ಶಾಲೆಯ ಕಾಂಪೌಂಡು. ಅವರ ಹತ್ತಿರ ಫಾಂಟ್ ಎಲ್ಲಿತ್ತು? ಚಪ್ಪಟೆ ಬ್ರಷ್ ಇತ್ತು, ಕಣ್ಣಳತೆ ಇತ್ತು. ‘ರ’ವನ್ನು ಧಾರಾಳವಾಗಿ ಉಬ್ಬಿಸಿ ಬರೆದ ಕೈಯೇ ‘ಕ್ಷ್ಮೀ’ ಬಂದ ಕಡೆ ಗೀಟನ್ನು ತಾನಾಗಿ ಸಣ್ಣ ಮಾಡುತ್ತಿತ್ತು. ಒತ್ತಿಗೆ ಜಾಗ ಸಾಲದಿದ್ದರೆ ಪಕ್ಕದ ಅಕ್ಷರದ ಅಡಿಗೆ ಸ್ವಲ್ಪ ಜರುಗಿಸುತ್ತಿದ್ದರು. ಆ ಬೋರ್ಡುಗಳು ಒಂದೊಂದಾಗಿ ಇಳಿದು ಅವುಗಳ ಜಾಗಕ್ಕೆ ಫ್ಲೆಕ್ಸ್ ಬಂದಾಗ ನಾವು ಕಳೆದುಕೊಂಡದ್ದು ಈ ತಿಳಿವಳಿಕೆಯನ್ನು. ಬಾಲೂ ತಮ್ಮನಂಥ ಫಾಂಟ್ ಅದರಲ್ಲಿ ಒಂದಷ್ಟನ್ನು ಕಂಪ್ಯೂಟರಿಗೆ ವಾಪಸ್ ತಂದಿದೆ ಎಂಬುದು ನನ್ನ ನಂಬಿಕೆ. ಅದಕ್ಕೇ ಇಷ್ಟು ಅಕ್ಕರೆ.

ಈಗ ಇದನ್ನು ಎಲ್ಲಿ ಬಳಸಬೇಕು ಅನ್ನುವುದಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಇದು ಫಾಂಟಿನ ಪ್ರಶ್ನೆಗಿಂತ ಮೊದಲು ಬರೆಯುವ ಮಾತಿನ ಪ್ರಶ್ನೆ. ದಪ್ಪ ಅಕ್ಷರ ಮಾತನ್ನು ಚಿಕ್ಕದು ಮಾಡು ಎಂದು ಕೇಳುತ್ತದೆ. ಕೇಳಿದ್ದನ್ನು ಕೊಟ್ಟರೆ ಚೆನ್ನಾಗಿ ಕಾಣುತ್ತದೆ.

ಒಬ್ಬರು ಟೀಚರ್ ರಜೆಯಲ್ಲಿ ಮಕ್ಕಳಿಗೆ ಶಿಬಿರ ಮಾಡುವವರಿದ್ದರು. ಪೋಸ್ಟರಿಗೆ ಬರೆದು ತಂದ ತಲೆಬರಹ ‘ಗ್ರೀಷ್ಮಕಾಲೀನ ವ್ಯಕ್ತಿತ್ವ ವಿಕಸನ ಶಿಬಿರ’.

“ಸರ್, ಮಕ್ಕಳದ್ದು. ದಪ್ಪ ಅಕ್ಷರದಲ್ಲಿ, ಕಲರ್ ಕಲರಾಗಿ ಇರಲಿ” ಎಂದರು.

ಹಾಕಿ ತೋರಿಸಿದೆ. ‘ಗ್ರೀ’, ‘ಷ್ಮ’, ‘ವ್ಯ’, ‘ಕ್ತಿ’, ‘ತ್ವ’, ಎಲ್ಲದರ ಕೆಳಗೂ ಒಂದೊಂದು ಒತ್ತು ನೇತಾಡುತ್ತಿತ್ತು. ಎರಡು ಸಾಲು ಮಾಡಿದರೆ ಮೇಲಿನ ಒತ್ತುಗಳಿಗೆ ಜಾಗ ಬಿಡಬೇಕು, ಜಾಗ ಬಿಟ್ಟರೆ ಅಕ್ಷರ ಸಣ್ಣದಾಗಬೇಕು. ಸಣ್ಣದಾದರೆ ದಪ್ಪ ಅಕ್ಷರದ ಚಂದವೇ ಹೋಯಿತು.

“ಮೇಡಂ, ಮನೆಯಲ್ಲಿ ಮಕ್ಕಳಿಗೆ ಇದನ್ನ ಏನಂತ ಹೇಳ್ತೀರಿ?”

“ಬೇಸಿಗೆ ಶಿಬಿರ ಅಂತ.”

“ಅದನ್ನೇ ಹಾಕೋಣ್ವಾ?”

‘ಬೇಸಿಗೆ’ ಮೇಲೆ, ‘ಶಿಬಿರ’ ಕೆಳಗೆ. ಒಂದೂ ಒತ್ತಿಲ್ಲ. ಎರಡು ಸಾಲನ್ನೂ ಹತ್ತಿರ ಹತ್ತಿರ ತಂದು ಕೂರಿಸಿದೆ, ಪೋಸ್ಟರಿನ ಅರ್ಧ ಭಾಗ ತುಂಬಿತು. ವ್ಯಕ್ತಿತ್ವ ವಿಕಸನದ ವಿಚಾರ ಕೆಳಗೆ ಸಣ್ಣ ಅಕ್ಷರದಲ್ಲಿ ತೆಳುವಾದ ಫಾಂಟಿನಲ್ಲಿ ಬಂತು. ಅವರಿಗೆ ಬಹಳ ಹಿಡಿಸಿತು. ಆಟ, ಊಟ, ಓಟ, ಕತೆ, ಹಾಡು, ಮಳೆ, ಗಾಳಿಪಟ, ಜಾತ್ರೆ, ಹಬ್ಬ: ನಾವು ಬಾಯಲ್ಲಿ ಆಡುವ ಈ ಮಾತುಗಳು ಬಾಲೂ ತಮ್ಮದಲ್ಲಿ ಕೂತಷ್ಟು ಚೆನ್ನಾಗಿ ಇನ್ನೆಲ್ಲೂ ಕೂರುವುದಿಲ್ಲ. ಒತ್ತು ಇರಲೇಬಾರದು ಅಂತೇನಿಲ್ಲ. ‘ಹಬ್ಬ’ದಲ್ಲಿರುವಂತೆ ಒಂದೇ ಒಂದು ಒತ್ತು ಇದ್ದರೆ ಪದಕ್ಕೆ ಒಂದು ಕುಣಿತವೂ ಬರುತ್ತದೆ. ಸಾಲುಸಾಲಾಗಿ ಬಂದರೆ ಮಾತ್ರ ತೊಂದರೆ.

ಇದರ ಜೊತೆಗೇ ಒಂದು ಸಣ್ಣ ಉಪಾಯ ಹೇಳಬೇಕು. ಐಸ್‌ಕ್ರೀಮ್ ಅಂಗಡಿಗೆ ಈ ಫಾಂಟ್ ಹೇಳಿ ಮಾಡಿಸಿದ್ದು. ಆದರೆ ಪದವನ್ನು ಒಟ್ಟಿಗೆ ಟೈಪ್ ಮಾಡಿದರೆ ‘ಐಸ್ಕ್ರೀಮ್’ ಆಗುತ್ತದೆ. ‘ಸ’ದ ಕೆಳಗೆ ‘ಕ’ದ ಒತ್ತು, ಅದಕ್ಕೆ ‘ರ’ದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ದಪ್ಪ ಅಕ್ಷರದಲ್ಲಿ ಅಷ್ಟೂ ಒಂದೇ ಕಡೆ ನುಗ್ಗುತ್ತವೆ. ‘ಸ್’ ಆದಮೇಲೆ ಕಣ್ಣಿಗೆ ಕಾಣದ ಒಂದು ತಡೆ ಹಾಕಬೇಕು. ಯುನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಪದ್ಧತಿಯಲ್ಲಿ, ಅದಕ್ಕೆ ಝಡ್‌ಡಬ್ಲ್ಯೂಎನ್‌ಜೆ ಎನ್ನುತ್ತಾರೆ. ಆಗ ‘ಐಸ್‌ಕ್ರೀಮ್’ ಬಿಡಿಬಿಡಿಯಾಗಿ, ಅಗಲವಾಗಿ ನಿಲ್ಲುತ್ತದೆ. ‘ಸಾಫ್ಟ್‌ವೇರ್’, ‘ಬ್ರೆಡ್‌ಟೋಸ್ಟ್’, ಎಲ್ಲಕ್ಕೂ ಇದೇ ದಾರಿ. ತೆಳ್ಳಗಿನ ಫಾಂಟಿನಲ್ಲಿ ಈ ತಡೆ ಮರೆತರೂ ನಡೆದುಹೋಗುತ್ತದೆ. ಇಲ್ಲಿ ಮರೆಯುವ ಹಾಗಿಲ್ಲ.

ತಿಂಡಿ ಅಂಗಡಿಗಳಿಗೆ ನಾನು ಇದನ್ನು ಧೈರ್ಯವಾಗಿ ಕೊಡುತ್ತೇನೆ. ಗೋಲಿ ಬಜ್ಜಿ, ಕಬ್ಬಿನ ಹಾಲು, ಗಿರ್ಮಿಟ್, ಪಡ್ಡು. ಹೆಸರು ನೋಡಿದರೇ ಬಾಯಲ್ಲಿ ನೀರೂರಬೇಕು. ಇಂಥ ಕಡೆ ತೆಳ್ಳಗಿನ ಗೀಟು ಸಪ್ಪೆ ಅನ್ನಿಸುತ್ತದೆ. ಮಕ್ಕಳ ಪುಸ್ತಕದ ಮುಖಪುಟಕ್ಕೆ, ಗೊಂಬೆ ಅಂಗಡಿಗೆ, ನಾಮಕರಣ ಮತ್ತು ಹುಟ್ಟುಹಬ್ಬದ ಕಾರ್ಡಿಗೆ, ಟಿ-ಶರ್ಟಿಗೆ ಸರಿಯಾಗಿ ಹೊಂದುತ್ತದೆ. ಯೂಟ್ಯೂಬ್ ಥಂಬ್‌ನೇಲ್‌ಗಂತೂ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಫೋನಿನಲ್ಲಿ ಆ ಚಿತ್ರ ಹೆಬ್ಬೆರಳಿನಷ್ಟು ಕಾಣುತ್ತದೆ, ಹಿಂದೆ ಫೋಟೋ ಬೇರೆ ಇರುತ್ತದೆ. ಎರಡೋ ಮೂರೋ ಪದ ಹಾಕಿ, ಒಂದೇ ಬಣ್ಣ ಕೊಡಿ, ಔಟ್‌ಲೈನ್ ಬೇಕೇ ಬೇಕೆಂದರೆ ಅಕ್ಷರದ ಹಿಂದೆ ಬೇರೆ ಬಣ್ಣದಲ್ಲಿ ಕೊಡಿ. ಒಳಗಿನ ಜಾಗ ಮುಟ್ಟಬೇಡಿ.

ಅಂಗಡಿ ಬೋರ್ಡಿನ ವಿಷಯಕ್ಕೆ ಇನ್ನೂ ಒಂದು ಕಾರಣ ಸೇರಿಕೊಂಡಿದೆ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾನೂನಿಗೆ ತಿದ್ದುಪಡಿ ಬಂದು, ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎಂದಾಯಿತು. ಒಳ್ಳೆಯದೇ ಆಯಿತು. ಆದರೆ ಎಷ್ಟೋ ಬೋರ್ಡುಗಳಲ್ಲಿ ಇಂಗ್ಲಿಷ್ ಹೆಸರು ಕಾಸು ಕೊಟ್ಟು ಮಾಡಿಸಿದ ಲೋಗೋ, ಗುಂಡಗೆ ಮುದ್ದಾಗಿದೆ. ಕನ್ನಡವನ್ನು ಮಾತ್ರ ಕಂಪ್ಯೂಟರಿನಲ್ಲಿ ಇದ್ದ ಫಾಂಟಿನಲ್ಲಿ ಹೊಡೆದು, ಜಾಗ ತುಂಬಲಿ ಎಂದು ಅಡ್ಡಕ್ಕೆ ಎಳೆದಿದ್ದಾರೆ. ಎಳೆದಾಗ ಅಡ್ಡ ಗೀಟು ತೆಳ್ಳಗೇ ಉಳಿಯುತ್ತದೆ, ಉದ್ದ ಗೀಟು ಊದಿಕೊಳ್ಳುತ್ತದೆ. ದುಂಡಗಿದ್ದ ‘ರ’ ಜಜ್ಜಿದ ಹಾಗಾಗುತ್ತದೆ. ಅಷ್ಟು ದೊಡ್ಡದಾಗಿ ಕನ್ನಡ ಹಾಕುವುದೇ ಆದರೆ ಚಂದವಾಗಿಯೂ ಹಾಕಬಹುದಲ್ವಾ? ಬಾಲೂ ತಮ್ಮದಲ್ಲಿ ಎರಡೂ ಲಿಪಿ ಒಂದೇ ತೂಕದಲ್ಲಿ, ಅಂದರೆ ಒಂದೇ ದಪ್ಪದಲ್ಲಿ ಇವೆ. ಎರಡನ್ನೂ ಅದರಲ್ಲೇ ಬರೆದರೆ ಬೋರ್ಡು ಒಂದೇ ಕೈ ಬರೆದಂತೆ ಕಾಣುತ್ತದೆ. ಪ್ಲೇಸ್ಕೂಲು, ಬೇಕರಿ, ಜ್ಯೂಸ್ ಸೆಂಟರ್ ನಡೆಸುವವರು ಒಮ್ಮೆ ಹಾಕಿಸಿ ನೋಡಬೇಕು.

ಎಲ್ಲ ಕಡೆಗೂ ಇದು ಸಲ್ಲುವುದಿಲ್ಲ. ಶ್ರದ್ಧಾಂಜಲಿ ಬ್ಯಾನರಿನಲ್ಲಿ ಇದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ತೀರಿಕೊಂಡವರ ಹೆಸರು ನಗುನಗುತ್ತಾ ಕುಣಿಯಬಾರದು. ಔಷಧಿಯ ಪ್ರಮಾಣ, ಆಸ್ಪತ್ರೆಯ ದಾರಿ ತೋರಿಸುವ ಫಲಕ, ಬಸ್ಸಿನ ವೇಳಾಪಟ್ಟಿ, ಅರ್ಜಿ ಫಾರಂ, ಇಲ್ಲೆಲ್ಲ ಬೇಡ. ಓದುವವರಿಗೆ ಅಲ್ಲಿ ಗಾಬರಿ ಇರುತ್ತದೆ, ಅವಸರ ಇರುತ್ತದೆ. ಸ್ಪಷ್ಟವಾದ ಸಾದಾ ಅಕ್ಷರವೇ ಅವರಿಗೆ ನೆರವು. ಲಗ್ನಪತ್ರಿಕೆಯಲ್ಲಿ ಮುಹೂರ್ತದ ಸಾಲುಗಳಿಗೂ ಇದು ಒಗ್ಗುವುದಿಲ್ಲ. ‘ಸ್ವಸ್ತಿಶ್ರೀ’ಯಿಂದ ಶುರುವಾಗುವ ಗದ್ಯಕ್ಕೆ ಹಳೆಯ ಅಚ್ಚಿನ ಗತ್ತಿರುವ ಅಕ್ಷರವೇ ಬೇಕು.

ಈಗಷ್ಟೇ ಅಕ್ಷರ ಕಲಿಯುತ್ತಿರುವ ಮಕ್ಕಳ ಪುಸ್ತಕಕ್ಕೆ ಇದನ್ನು ಕೇಳುವವರೂ ಇದ್ದಾರೆ. ಮುಖಪುಟಕ್ಕೆ ಸೈ. ಒಳಪುಟಕ್ಕೆ ಬೇಡ ಎನ್ನುತ್ತೇನೆ. ಮಗು ‘ರ’ ಮತ್ತು ‘ಠ’ ಬೇರೆ ಬೇರೆ ಎಂದು ಮೊದಲ ಸಲ ನೋಡುತ್ತಿರುತ್ತದೆ. ಗೀಟು ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು ಎಂಬುದು ಅದಕ್ಕೆ ಕಾಣಬೇಕು. ಮೈತುಂಬಿದ ಅಕ್ಷರದಲ್ಲಿ ಆ ದಾರಿ ಮುಚ್ಚಿಹೋಗಿರುತ್ತದೆ. ಓದುವುದಕ್ಕೆ ಬರುವ ಮಗುವಿಗೂ ಇಡೀ ಪುಟ ದಪ್ಪಕ್ಷರ ಕೊಟ್ಟರೆ ಕಣ್ಣು ಸುಸ್ತಾಗುತ್ತದೆ.

ಬಾಲೂ ಮೊದಲು ಬಂದಾಗ ಒಂದೇ ತೂಕ ಇತ್ತು, ಅದೂ ಪೂರ್ತಿ ದಪ್ಪ. ಆಮೇಲೆ ಬಂದ ಬಾಲೂ ತಮ್ಮ 2ರಲ್ಲಿ ರೆಗ್ಯುಲರ್, ಮೀಡಿಯಂ, ಸೆಮಿಬೋಲ್ಡ್, ಬೋಲ್ಡ್, ಎಕ್ಸ್‌ಟ್ರಾ ಬೋಲ್ಡ್ ಎಂದು ಐದಿವೆ. ಇದರಿಂದ ಬಹಳ ಅನುಕೂಲವಾಯಿತು. ತಲೆಬರಹ ಎಕ್ಸ್‌ಟ್ರಾ ಬೋಲ್ಡ್‌ನಲ್ಲಿ ಇಟ್ಟು, ದಿನಾಂಕ, ಜಾಗ ತಿಳಿಸುವ ಒಂದೆರಡು ಸಾಲನ್ನು ಮೀಡಿಯಂನಲ್ಲಿ ಬರೆದರೆ ಗುಣ ಒಂದೇ ಉಳಿಯುತ್ತದೆ. ಅದಕ್ಕಿಂತ ಉದ್ದ ಬರಹವಿದ್ದರೆ ನಾನು ಅನೇಕ್ ಕನ್ನಡಕ್ಕೆ ಹೋಗುತ್ತೇನೆ. ಅದೂ ಏಕ್ ಟೈಪ್‌ನದ್ದೇ, 2022ರಲ್ಲಿ ಬಂದದ್ದು. ಅದರಲ್ಲಿ ತೂಕದ ಜೊತೆ ಅಗಲವನ್ನೂ ಹೆಚ್ಚುಕಮ್ಮಿ ಮಾಡಬಹುದು. ಕಿರಿದಾದ ಜಾಗದಲ್ಲಿ ಅಕ್ಷರವನ್ನು ಹಿಂಡುವ ಬದಲು ಕಿರಿದಾಗಿಯೇ ಬರೆದದ್ದನ್ನು ಆರಿಸಿಕೊಳ್ಳಬಹುದು. ಎಕ್ಸ್‌ಟ್ರಾ ಬೋಲ್ಡ್ ಅನ್ನು ಅಚ್ಚಿನಲ್ಲಿ 24 ಪಾಯಿಂಟಿಗಿಂತ ಸಣ್ಣದು ಮಾಡಲು ನನಗೆ ಮನಸ್ಸಾಗುವುದಿಲ್ಲ.

ನಮ್ಮ ಕಸುಬಿನವರಿಗೆ ಎರಡು ಮಾತು. ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಆನ್ಸಿ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಫಾಂಟ್ ಬದಲಿಸಿದರೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಚಿಹ್ನೆಗಳ ರಾಶಿ ಬರುತ್ತದೆ. ಮೊದಲು ಯುನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಫೋಟೋಶಾಪಿನಲ್ಲಿ ಒತ್ತು ಒಡೆದು ಅಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಫಾಂಟನ್ನು ಬೈಯಬೇಡಿ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ, ಹೊಸ ಫೈಲ್ ತೆರೆಯಿರಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ‘ಯುನಿಕೋಡ್ ಫಾಂಟ್ ನಮ್ಮಲ್ಲಿ ಬರಲ್ಲ’ ಎಂದು ಹಳೆಯದಕ್ಕೇ ವಾಪಸ್ ಹೋಗಿದ್ದಾರೆ.

ಹಣದ ವಿಚಾರವೂ ಹೇಳಿಬಿಡುತ್ತೇನೆ. ಬಾಲೂ ಕುಟುಂಬ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿದೆ. ಅಂಗಡಿ ಬೋರ್ಡಿಗೆ, ಮಾರುವ ಪುಸ್ತಕಕ್ಕೆ, ಆ್ಯಪ್‌ಗೆ, ಎಲ್ಲಕ್ಕೂ ಬಳಸಬಹುದು. ಫಾಂಟನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ. ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಅದೇ ಲೈಸೆನ್ಸಿನಲ್ಲಿ ಹಂಚಬಹುದು. ಅಕ್ಷರ ವಿನ್ಯಾಸ ಕಲಿಯಬೇಕೆಂಬ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇದನ್ನೇ. ಈ ಫಾಂಟನ್ನು ಬಿಚ್ಚಿ ‘ಠ’ದ ಚುಕ್ಕಿ ಎಷ್ಟು ಚಿಕ್ಕದಿದೆ, ‘ಣ’ದ ಸುರುಳಿಯೊಳಗೆ ಎಷ್ಟು ಜಾಗ ಉಳಿಸಿದ್ದಾರೆ ಎಂದು ಅಳೆದು ನೋಡಿ. ಆಮೇಲೆ ನಿಮ್ಮೂರಿನ ಗೋಡೆಯ ಮೇಲೆ ಪೇಂಟರ್ ಬರೆದದ್ದು ಇನ್ನೂ ಉಳಿದಿದ್ದರೆ ಅದರ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿ. ಕನ್ನಡಕ್ಕೆ ಇಂಥ ಆಟದ ಅಕ್ಷರಗಳು ಇನ್ನೂ ಹತ್ತು ಹಲವು ಬೇಕು.

ಕೊನೆಗೆ ಅಂಕಿಗಳು. ಇವನ್ನು ಯಾರೂ ಬಳಸುವುದೇ ಇಲ್ಲ ಎಂಬುದು ನನ್ನ ಕೊರಗು. ಕನ್ನಡದ ೨, ೩, ೫, ೯ ಈ ದಪ್ಪದಲ್ಲಿ ಎಷ್ಟು ಲಕ್ಷಣವಾಗಿವೆ ಎಂದರೆ, ಹುಟ್ಟುಹಬ್ಬದ ಕಾರ್ಡಿನಲ್ಲಿ ಅಂಕಿಯೊಂದೇ ಸಾಕು, ಬೇರೆ ಚಿತ್ರ ಬೇಡ. ಶಾಲೆಗಳಲ್ಲಿ ನಲಿಕಲಿ ತರಗತಿಯ ನೆಲದ ಮೇಲೆ, ಕುಂಟೆಬಿಲ್ಲೆ ಮನೆಗಳ ಒಳಗೆ ಬರೆಯಲು ಇವು ಬಹಳ ಚೆನ್ನ. ಎ4 ಹಾಳೆಗೆ ಒಂದೊಂದು ಅಂಕಿ ದೊಡ್ಡದಾಗಿ ಪ್ರಿಂಟ್ ತೆಗೆದು, ದಪ್ಪ ರಟ್ಟಿಗೆ ಅಂಟಿಸಿ ಕತ್ತರಿಸಿಕೊಂಡರೆ ಅದೇ ಅಚ್ಚು. ಸೊನ್ನೆಯಂಥ ಅಂಕಿಗಳ ಒಳಗೆ ಪೂರ್ತಿ ಮುಚ್ಚಿದ ಜಾಗ ಇರುತ್ತದೆ. ಕತ್ತರಿಸುವಾಗ ಆ ತುಂಡು ಉದುರಿಹೋಗದಂತೆ ಎರಡು ಕಡೆ ಸಣ್ಣ ಪಟ್ಟಿ ಬಿಟ್ಟುಕೊಳ್ಳಿ, ಬಣ್ಣ ಒಣಗಿದ ಮೇಲೆ ಆ ಪಟ್ಟಿಯ ಜಾಗವನ್ನು ಬ್ರಷ್‌ನಿಂದ ತುಂಬಿದರೆ ಆಯಿತು.